ನಮ್ಮತ್ತೆಯ ಜೊತೆ ಲಿಫ್ಟಿನಲ್ಲಿ

ನಮ್ಮತ್ತೆಗೆ ದೇವರು ನಾಚಿಕೆ ಎಂಬ ಪದಾರ್ಥವನ್ನು ಕೊಡಲೇ ಇಲ್ಲ. ಹಾಗಂತ ಅದು ವೇಸ್ಟಾಗಿಲ್ಲ. ಅವರಿಗೆ ಸೇರಬೇಕಾದದ್ದನ್ನೂ ಒಟ್ಟುಮಾಡಿ ನನಗೇ ಕೊಟ್ಟುಬಿಟ್ಟಿದ್ದಾನೆ! ಅವರು ಮಾಡುವುದು, ನಾನು ನಾಚುವುದು. ಮದುವೆಯಾದಂದಿನಿಂದ ನಮ್ಮಿಬ್ಬರ ಸಂಸಾರ ನಡೆದಿರುವುದೇ ಹೀಗೆ.

ಅತ್ತೆ ರಾಣೆಬೆನ್ನೂರು ಕಡೆಯವರು, ನಾನು ಮೈಸೂರಿನವಳು. ನನ್ನ ಗಂಡ ನೌಕಾಪಡೆಯಲ್ಲಿದ್ದಾನೆ. ಅಂದರೆ ವಿಶಾಖಪಟ್ಟಣದಲ್ಲಿ ಮನೆ ಮಾಡಿ, ನನ್ನನ್ನು ಅದರೊಳಗೆ ಕೂರಿಸಿ, ತಾನು ಸಮುದ್ರದ ಮೇಲಿರುತ್ತಾನೆ. ಅವನ ಹಡಗು ಹೊರಟ ವಾರದಲ್ಲೇ ಅತ್ತೆ ಒಂದು ಟ್ರಂಕಿನ ಸಮೇತ ಊರಂಚಿನ ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿಳಿದರು. ಯಾಕೆ ಬಂದಿರಿ ಅಂತ ಕೇಳಿದರೆ, "ಸಮುದ್ರ ನೋಡಾಕ" ಅಂದರು.

ಅವರ ಬಾಯಲ್ಲಿ ಸದಾ ಒಂದೇ ಮಂತ್ರ: "ಛಲೋ ಆತ್ ಬಿಡವಾ!" ಹಾಲು ಒಡೆಯಿತೇ? ಛಲೋ ಆತು, ಪನೀರ್ ಮಾಡೋಣ. ಕರೆಂಟು ಹೋಯಿತೇ? ಛಲೋ ಆತು, ಟಿವಿಯವರ ಬಾಯಿ ಮುಚ್ಚಿತು. ಒಮ್ಮೆ ನಾವಿಬ್ಬರೂ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡೆವು. ನಾನು ಬೆವರುತ್ತಾ ಗಂಟೆ ಒತ್ತುತ್ತಿದ್ದರೆ ಅವರು ನೆಲದ ಮೇಲೆ ಕೂತು, "ಛಲೋ ಆತು, ಕಾಲಿಗೆ ಒಂದೀಟು ಆರಾಮ ಸಿಕ್ಕಿತು" ಎಂದು ಕಣ್ಣು ಮುಚ್ಚಿದರು. ಬಾಗಿಲು ತೆರೆದ ಮೆಕ್ಯಾನಿಕ್ಕು ಹೌಹಾರಿ, "ಅಮ್ಮಗಾರಿಕಿ ಏಮೈಂದಿ?" ಎಂದ. ಅಮ್ಮಗಾರಿಗೆ ಏನೂ ಆಗಿರಲಿಲ್ಲ, ಗೊರಕೆ ಹೊಡೆಯುತ್ತಿದ್ದರು!

ತೆಲುಗು ಅವರಿಗೆ ಬರುತ್ತಿರಲಿಲ್ಲ. ಆದರೆ ತೆಲುಗು ಅಂದರೆ ಬಾಲವಿರುವ ಕನ್ನಡ, ಎಲ್ಲದರ ತುದಿಗೂ ಒಂದು 'ಲು' ಸೇರಿಸಿದರೆ ಮುಗಿಯಿತು ಎಂಬುದು ಅವರ ಸಿದ್ಧಾಂತ. ಬಂದ ಮರುದಿನ ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು, "ಪಾಲು ಕಾವಾಲಾ ಅಮ್ಮಾ?" ಎಂದ. ತೆಲುಗಿನಲ್ಲಿ ಪಾಲು ಅಂದರೆ ಹಾಲು. ಅತ್ತೆ ಸೊಂಟದ ಮೇಲೆ ಕೈ ಇಟ್ಟರು. "ನಿನ್ನೆ ರಾತ್ರಿ ಬಂದೀನಿ, ಆಗಲೇ ಪಾಲು ಕೇಳಾಕ ಬಂದಿಯೇನಪಾ? ಇರೂದು ಒಬ್ಬ ಮಗ, ಅವನಿಗೇ ಎಲ್ಲಾ!" ಆ ಬಡಪಾಯಿ ಹಾಲಿನ ಪ್ಯಾಕೆಟ್ ನೆಲದ ಮೇಲಿಟ್ಟು ಹಿಂದೆ ಹಿಂದೆ ಹೆಜ್ಜೆಯಿಟ್ಟ.

ಋಷಿಕೊಂಡದ ಬೀಚಿನ ಕತೆಯನ್ನು ಹೇಳಲೋ ಬೇಡವೋ? ಹೇಳಿಯೇ ಬಿಡುತ್ತೇನೆ. ಅಲೆಯೊಂದು ಬಂದು ಅತ್ತೆಯ ಒಂದು ಚಪ್ಪಲಿಯನ್ನು ಎಳೆದುಕೊಂಡು ಹೋಯಿತು. ನಾವು ನೀವಾದರೆ ಏನು ಮಾಡುತ್ತೇವೆ? ಅತ್ತೆ ಇಳಕಲ್ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ ಮರಳ ಮೇಲೆ ಕೂತುಬಿಟ್ಟರು. "ಒಯ್ದದ್ದು ಅದೇ ಅಲ್ಲ? ಅದೇ ತಂದುಕೊಡತೈತಿ." ಒಂದು ಗಂಟೆ ಕಳೆಯಿತು. ಜೋಳ ಸುಡುವವರು, ಕುದುರೆ ಓಡಿಸುವವರು, ಫೋಟೋ ತೆಗೆಯುವವರು, ಎಲ್ಲರೂ ಸುತ್ತ ನೆರೆದು ಸಮುದ್ರವನ್ನೇ ನೋಡತೊಡಗಿದರು. ಕೊನೆಗೆ ಅಲೆಯೊಂದು ನಿಜಕ್ಕೂ ಚಪ್ಪಲಿ ತಂದು ಎಸೆಯಿತು. ಆದರೆ ಅದು ಯಾವನೋ ಗಂಡಸಿನ ಕರೀ ಚಪ್ಪಲಿ! "ಛಲೋ ಆತ್ ಬಿಡವಾ, ನಂದಕ್ಕಿಂತ ಗಟ್ಟಿ ಐತಿ" ಎಂದು ಅದನ್ನೇ ಮೆಟ್ಟಿ ಹೊರಟರು. ಜನ ಚಪ್ಪಾಳೆ ತಟ್ಟಿದರು. ಆ ಗುಂಪಿನಲ್ಲಿ ನನ್ನ ಹಳೆಯ ಆಫೀಸಿನ ಇಬ್ಬರು ಹುಡುಗಿಯರೂ ಇದ್ದರು. ನಾನು ದುಪಟ್ಟಾದಿಂದ ಮುಖ ಮುಚ್ಚಿಕೊಂಡೆ.

ಹಳೆಯ ಆಫೀಸು ಅಂದೆನಲ್ಲ, ಅದನ್ನೂ ಹೇಳಬೇಕು. ಅಲ್ಲೇ ಬೀಚಿನ ಮೇಲಿನ ಗುಡ್ಡದ ಕಂಪನಿಯೊಂದರಲ್ಲಿ ನಾನು ಆಸ್ಪತ್ರೆಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಗಂಡ ಹಡಗು ಹತ್ತುವ ಮೊದಲೇ ನಮ್ಮ ತಂಡವನ್ನೇ ತೆಗೆದುಹಾಕಿದರು. ಕೆಲಸ ಹೋದದ್ದು ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಗೊತ್ತಾಗಬಾರದೆಂದು ನಾನು ಪಟ್ಟ ಪಾಡೇನು! ಯಾರಾದರೂ ಕೇಳಿದರೆ "ವರ್ಕ್ ಫ್ರಮ್ ಹೋಮ್" ಅನ್ನುತ್ತಿದ್ದೆ. ಅರ್ಜಿ ಹಾಕುವುದು, ಇಲ್ಲ ಅನ್ನಿಸಿಕೊಳ್ಳುವುದು, ಮತ್ತೆ ಮುಸುಕೆಳೆದು ಮಲಗುವುದು, ಇಷ್ಟೇ ನನ್ನ ವರ್ಕು.

ಈ ಗುಟ್ಟು ಅತ್ತೆಗೆ ತಿಳಿದಿದೆ ಎಂದು ನನಗೆ ಗೊತ್ತಾದ ದಿನವೇ ಲಿಫ್ಟಿಗೂ ಗೊತ್ತಾಯಿತು.

"ಮಾ ಸೊಸೆಲು, ಕೆಲಸಲು ಪೋಯಿಂದಿ! ಮೀ ದಗ್ಗರ ಉಂದಾ?" ಅಂದರೆ, ನಮ್ಮ ಸೊಸೆಗೆ ಕೆಲಸ ಹೋಗಿದೆ, ನಿಮ್ಮ ಹತ್ತಿರ ಇದೆಯಾ? ಲಿಫ್ಟಿಗೆ ಯಾರೇ ಬರಲಿ, ಇದೇ ಪ್ರಶ್ನೆ. ಕೊರಿಯರ್ ಹುಡುಗನನ್ನೂ ಕೇಳಿದರು, ಗೇಟಿನ ಮುಂದಿನ ಇಡ್ಲಿ ಗಾಡಿಯವನನ್ನೂ ಕೇಳಿದರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಟ್ನಿ ರುಬ್ಬೋಕೆ ಬರುತ್ತಾ?" ಎಂದ!

"ಅತ್ತೆ, ದಯವಿಟ್ಟು ಸುಮ್ನಿರಿ. ಮಾನ ಹೋಗುತ್ತೆ" ಎಂದು ಅಂಗಲಾಚಿದೆ.

"ಕೇಳಿದ್ರ ಮಾನ ಹೋಗಾಕ, ಅದೇನು ಬಸ್ಸೇನವಾ?" ಎಂದರು.

ನಾಲ್ಕನೇ ಮಹಡಿಯಲ್ಲಿ ಒಬ್ಬ ರಿಟೈರ್ಡ್ ಹಿರಿಯರಿದ್ದರು. ಯಾರೊಂದಿಗೂ ಮಾತಿಲ್ಲ, ನಗುವಂತೂ ಇಲ್ಲವೇ ಇಲ್ಲ. ಅತ್ತೆ ಅವರನ್ನೂ ಕೇಳಿದರು. ಅವರು ಮುಖ ತಿರುಗಿಸಿದರು. ಮರುದಿನ ಮತ್ತೆ ಕೇಳಿದರು, ಅದರ ಮರುದಿನವೂ ಕೇಳಿದರು. ಆಮೇಲೆ ಅವರು ಲಿಫ್ಟಿನಲ್ಲಿ ಕಾಣುವುದೇ ನಿಂತುಹೋಯಿತು. ಅತ್ತೆ ಬಿಟ್ಟಾರೆಯೇ? ಒಂದು ಬೆಳಿಗ್ಗೆ ಅವರನ್ನು ಮೆಟ್ಟಿಲ ಮೇಲೇ ಹಿಡಿದು ಕೇಳಿದರು. ಹಿರಿಯರು ಕಂಬಿ ಹಿಡಿದು ಏದುಸಿರು ಬಿಡುತ್ತಾ ನನ್ನ ಕಡೆ ತಿರುಗಿದರು. "ನೋಡಮ್ಮಾ, ವಿಜಯವಾಡದಲ್ಲಿ ನಮ್ಮ ಅಕ್ಕನ ಮಗ ಒಂದು ಆಸ್ಪತ್ರೆ ನಡೆಸ್ತಾನೆ. ಕಂಪ್ಯೂಟರ್ ವಿಭಾಗಕ್ಕೆ ಒಬ್ಬರು ಬೇಕಂತೆ, ಹೋಗಿ ಬಾ. ನನ್ನ ಮಂಡಿಗಳು ಇನ್ನು ಮೆಟ್ಟಿಲು ತಡೆಯಲ್ಲ!"

ಹೀಗೆ ನನಗೆ ಇಂಟರ್‌ವ್ಯೂ ಬಂತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಅತ್ತೆಯ ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ವಿಜಯವಾಡದವರೆಗೆ ನನ್ನ ಜೊತೆ ಬಂದು, ಮರುದಿನ ಅಲ್ಲಿಂದಲೇ ಬೆಂಗಳೂರಿನ ವಿಮಾನ ಹತ್ತುವುದೆಂದು ಅತ್ತೆ ತೀರ್ಮಾನಿಸಿದರು. ಬರಬೇಡಿ ಅನ್ನುವ ಧೈರ್ಯ ನನಗೆಲ್ಲಿ?

ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ತುಂಬ ಅಭ್ಯರ್ಥಿಗಳು. ಇದ್ದದ್ದು ಒಂದೇ ಹುದ್ದೆ. ಅತ್ತೆ ಡಬ್ಬಿ ತೆರೆದು ಎಲ್ಲರಿಗೂ ಶೇಂಗಾ ಉಂಡೆ ಹಂಚತೊಡಗಿದರು! "ತಿನ್ರಿ, ಹಸಗೊಂಡು ಪರೀಕ್ಷಾ ಕೊಡಬಾರದು. ಎಲ್ಲಾರಿಗೂ ಸಿಗ್ಲಿ."

"ಅತ್ತೆ, ಅವರೆಲ್ಲ ನನ್ನ ಪೈಪೋಟಿಗೆ ಬಂದವರು!" ಎಂದು ಪಿಸುಗುಟ್ಟಿದೆ.

"ಪೋಟಿಗೂ ಹೊಟ್ಟಿ ಇರತೈತಿ" ಎಂದರು.

ಮೂಲೆಯಲ್ಲೊಬ್ಬ ನಡುವಯಸ್ಸಿನವರು ಕಣ್ಣುಜ್ಜಿಕೊಳ್ಳುತ್ತಾ ಒರಗಿ ನಿಂತಿದ್ದರು. ಅತ್ತೆ ಅವರ ಕೈಗೂ ಉಂಡೆ ತುರುಕಿ, ಬೆನ್ನು ತಟ್ಟಿ, "ಈ ವಯಸ್ಸಿನ್ಯಾಗೂ ಕೆಲಸ ಹುಡುಕಾಕತ್ತಿಯಲ್ಲ, ಪಾಪ. ಅಂಜಬ್ಯಾಡ ತಮ್ಮಾ, ನಿನಗೂ ಸಿಗತೈತಿ" ಎಂದರು.

ನನ್ನ ಸರದಿ ಬಂತು. ಒಳಗೆ ಹೋದರೆ ನಡುವಿನ ಕುರ್ಚಿಯಲ್ಲಿ ಕೂತಿದ್ದವರು ಯಾರು ಅಂತೀರಿ? ಅವರೇ! ಆಸ್ಪತ್ರೆ ನಡೆಸುವ ಡಾಕ್ಟರು, ನಾಲ್ಕನೇ ಮಹಡಿಯವರ ಅಕ್ಕನ ಮಗ! ಅಂಗಿಯ ಮೇಲೆ ಇನ್ನೂ ಶೇಂಗಾ ಪುಡಿ ಇತ್ತು.

"ಹೊರಗಿರೋರು ನಿಮಗೇನಾಗ್ಬೇಕು?" ಎಂಬುದೇ ಅವರ ಮೊದಲ ಪ್ರಶ್ನೆ.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಅತ್ತೆ" ಎಂದೆ.

"ನನಗೆ ಕೆಲಸ ಗ್ಯಾರಂಟಿ ಅಂದಿದ್ದಾರೆ" ಎಂದು ನಕ್ಕರು.

ಅವರಿಗೆ ಕೆಲಸ ಇದ್ದೇ ಇತ್ತು, ನನಗೆ ಸಿಗಲಿಲ್ಲ. ಸಂಜೆಯೇ ಹೇಳಿಬಿಟ್ಟರು, ಗುಂಟೂರಿನ ಹುಡುಗಿಯೊಬ್ಬಳನ್ನು ತೆಗೆದುಕೊಂಡಿದ್ದೇವೆ ಎಂದು. ಬೆಂಚಿನಲ್ಲಿ ಕೂತು ಒಂದರ ಬದಲು ಎರಡು ಉಂಡೆ ತಿಂದಿದ್ದವಳು ಅವಳೇ! ಅವಳು ಓಡಿ ಬಂದು ಅತ್ತೆಯ ಕಾಲಿಗೆ ನಮಸ್ಕರಿಸಿದಳು. ಅತ್ತೆ ಅವಳ ಗಲ್ಲ ಹಿಡಿದು, "ಛಲೋ ಆತು, ಭಾಳ ಛಲೋ ಆತು!" ಎಂದು ಹಿಗ್ಗಿದರು. ಮನಸ್ಸಿನಿಂದಲೇ ಹಿಗ್ಗಿದರು, ಅದೇ ನನಗೆ ಸಂಕಟ. ಕೆಲಸವೇನೋ ನನಗೆ ಆಮೇಲೆ ಸಿಕ್ಕಿತು. ಮಧುರವಾಡದ ಒಂದು ಕಾಲೇಜಿನಲ್ಲಿ, ಹತ್ತಾರು ಅರ್ಜಿ ಹಾಕಿದ ಮೇಲೆ. ಆದರೆ ಆ ಸಂಜೆ ನನಗೆ ಅದು ಗೊತ್ತಿರಲಿಲ್ಲವಲ್ಲ. ಲಾಡ್ಜಿನ ಕೋಣೆಯಲ್ಲಿ ಅತ್ತೆಗೆ ಬೆನ್ನು ಮಾಡಿ ಮಲಗಿಬಿಟ್ಟೆ.

ಮರುದಿನ ಬೆಳಿಗ್ಗೆ ಊರ ಹೊರಗಿನ ಗನ್ನವರಂ ವಿಮಾನ ನಿಲ್ದಾಣಕ್ಕೆ ಅವರನ್ನು ಬಿಡಲು ಹೋದೆ. ಅತ್ತೆಗೆ ಅದು ಮೊದಲ ವಿಮಾನ. ಬಾಗಿಲ ಮುಂದಿನ ಸಾಲಿನಲ್ಲಿ ಟ್ರಂಕಿನ ಗಾಡಿ ಹಿಡಿದು ನಿಂತಿದ್ದವರು ಇದ್ದಕ್ಕಿದ್ದಂತೆ, "ನನಗ ಅಂಜಿಕಿ ಬರಾಕತ್ತೈತವಾ" ಎಂದರು.

ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. "ವಿಮಾನ ಏನೂ ಮಾಡಲ್ಲ ಅತ್ತೆ" ಎಂದೆ.

"ವಿಮಾನಕ್ಕಲ್ಲ." ಅವರು ನನ್ನ ಮುಖ ನೋಡಲಿಲ್ಲ. "ಕೆಲಸ ಹೋದಾಗಿಂದ ನೀ ಅನ್ನಾ ಬಿಟ್ಟೀ ಅಂತ ಹಡಗಿಗೆ ಹೋಗೂ ಮುಂದ ಅವನೇ ಫೋನ್ ಮಾಡಿ ಅತ್ತಿದ್ದ. ಅದಕ್ಕ ಬಂದೆ. ಮುಂಜಾನೆ ನೀ ಗೋಡಿ ಕಡೆ ಮುಖ ಮಾಡಿ ಮಲಗಿರ್ತಿದ್ದಿ. ನಾ ದಿನಾ ಬಾಗಲದಾಗ ನಿಂತು ನೋಡತಿದ್ದೆ, ಉಸಿರಾಡತಾಳೋ ಇಲ್ಲೋ ಅಂತ. ಕಾಲು ನಡುಗತಿದ್ವು. ನಡುಕ ನಿಂತ ಮ್ಯಾಲೆ ನಕ್ಕೊಂತ ಒಳಗ ಬರತಿದ್ದೆ. ನಾಳೆಯಿಂದ ಯಾರು ನೋಡಬೇಕವಾ?"

ಅಷ್ಟು ಜನರ ನಡುವೆ ಅವರ ಕೊರಳು ತಬ್ಬಿಕೊಂಡು, ದನಿ ತೆಗೆದು ಅತ್ತುಬಿಟ್ಟೆ. ಹಿಂದಿನವರು ಗೊಣಗಿದರು. ಬಾಗಿಲಲ್ಲಿದ್ದ ಕಾವಲಿನವನು ಬಂದು, "ಅಮ್ಮಾ, ಪಕ್ಕಕಿ ಜರಗಂಡಿ" ಎಂದ, ಪಕ್ಕಕ್ಕೆ ಸರಿಯಿರಿ ಎಂದು.

ಅತ್ತೆ ನನ್ನ ತಲೆ ಸವರುತ್ತಾ ಅವನಿಗೆ ಅಚ್ಚಕನ್ನಡದಲ್ಲೇ ಹೇಳಿದರು: "ಒಂದೀಟು ತಡಿಯೋ ತಮ್ಮಾ. ನಮ್ಮ ಹುಡುಗಿ ಅಳಾಕತ್ತಾಳ."

ಅವನು ತಾನೇ ಪಕ್ಕಕ್ಕೆ ಸರಿದು ನಿಂತ.