ಗೌರಿಯ ಮೂಗು, ಪರಪ್ಪನ ಸೀನು

ಗೌರಿ ಹಬ್ಬಕ್ಕೆ ಎರಡೇ ದಿನ ಉಳಿದಿದ್ದಾಗ, ಗೋಕಾಕದಲ್ಲಿ ಗೊಂಬೆ ಮಾಡುವ ಪರಪ್ಪನ ಮನೆಯ ಇಲಿಗಳು ಗೌರಿಯ ಮೂಗು ತಿಂದವು.

ಇಲಿಗಳದ್ದು ತಪ್ಪೆನ್ನಲಾಗದು. ಹುಣಸೆ ಬೀಜ ಅರೆದು ಕುದಿಸಿದ ಅಂಟಿಗೆ ಕಟ್ಟಿಗೆಯ ಹೊಟ್ಟು ಕಲಸಿ ಗೊಂಬೆಗಳ ಮೂಗು, ಕಿವಿ, ಬೆರಳು ಕೂಡಿಸುವುದು ಆ ಮನೆಯ ಅಜ್ಜನ ಕಾಲದ ಪದ್ಧತಿ. ಅದನ್ನು ಮೆಲ್ಲುವುದು ಇಲಿಗಳ ಅಜ್ಜನ ಕಾಲದ ಪದ್ಧತಿ. ಕಟ್ಟಿಗೆಯ ಸೀತಾಫಲಕ್ಕೋ ಪೇರಲಕ್ಕೋ ಬಾಯಿ ಹಾಕಿದರೆ ಪರಪ್ಪ ನಾಲ್ಕು ಬೈದು, ಬಣ್ಣ ಹಚ್ಚಿ, ಸಂತೆಗೆ ಕಳಿಸಿಬಿಡುತ್ತಿದ್ದ. ಆದರೆ ಈ ಗೌರಿ ಸಂತೆಗೆ ಹೋಗುವವಳಲ್ಲ. ಅವನ ಒಬ್ಬಳೇ ಮಗಳು ಸುಂದ್ರವ್ವನ ಮದುವೆಯಾದ ಮೊದಲ ಹಬ್ಬಕ್ಕೆ ಮೂಡಲಗಿಯ ಬೀಗರ ಮನೆಗೆ ಹೋಗುವ ಗೌರಿ. ಒಯ್ಯುವುದಕ್ಕೆ ಬೀಗಿತ್ತಿ ಶೆಟ್ಟೆವ್ವನೇ ಸೊಸೆಯನ್ನು ಕರೆದುಕೊಂಡು ಅಂದು ಇಳಿಹೊತ್ತಿಗೆ ಗಾಡಿ ಕಟ್ಟಿಸಿಕೊಂಡು ಬರುವವಳಿದ್ದಳು.

ಶೆಟ್ಟೆವ್ವನ ಹೆಸರೆತ್ತಿದರೆ ಪರಪ್ಪನ ಹೆಂಡತಿ ಬಾಳವ್ವನಿಗೆ ಇಂದಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ನಿಶ್ಚಯದ ದಿನ ಆ ಹೆಣ್ಣುಮಗಳು ಈ ಮನೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ಮೂಗಿಗೆ ಸೆರಗು ಹಿಡಿದು ಕೂತವಳು ಊಟ ಮುಗಿಯುವ ತನಕ ಸೆರಗು ಇಳಿಸಿರಲಿಲ್ಲ. ನಮ್ಮ ಮನೆಯ ಅಂಟಿನ ವಾಸನೆ ಅವಳಿಗೆ ಹೇಸಿಗೆ ಆಯಿತು ಎಂದು ಬಾಳವ್ವ ತಿಳಿದಳು. ಪರಪ್ಪ ಮಾತ್ರ ಅದನ್ನು ನೋಡಲಿಲ್ಲ. ನೆರೆಮನೆಯ ಕಾಶೆವ್ವನ ಬೆಕ್ಕು ಹಾಲಿನ ವಾಸನೆಗೆ ಒಳಗೆ ಬಂದಿತ್ತು. ಅವನು ಹಿತ್ತಲಲ್ಲಿ ನಿಂತು ಸೀನುತ್ತಿದ್ದ. ಮದುವೆಯ ಮೇಲೂ ಮೂಡಲಗಿಯಿಂದ ಬಂದವರೆಲ್ಲ ಒಂದೇ ಸುದ್ದಿ ತರುತ್ತಿದ್ದರು: ಸುಂದ್ರವ್ವ ಎದುರು ಬಂದರೆ ಅತ್ತೆ ಮುಖ ತಿರುಗಿಸುತ್ತಾಳಂತೆ. ಇನ್ನು ತವರಿನಿಂದ ಮೂಗಿಲ್ಲದ ಗೌರಿ ಹೋದರೆ ಆ ಹುಡುಗಿ ತಲೆ ನರೆಯುವ ತನಕ ಮಾತು ಕೇಳಬೇಕು. ಮಗಳು ಹೋದ ದಿನದಿಂದ ಪರಪ್ಪನಿಗೆ ಊಟವೇ ರುಚಿಸುತ್ತಿರಲಿಲ್ಲ.

ಅವನು ನಸುಕಿನಲ್ಲೇ ಎದ್ದು ಹೊಸ ಮೂಗು ಕೂಡಿಸಿ ಒಲೆಯ ಬಾಜೂಕ್ಕೆ ಒಣಗಲು ಇಟ್ಟ. ಹಿಂದೆ ತಿರುಗುವಷ್ಟರಲ್ಲಿ ಎರಡು ಇಲಿ ಬಂದು ಕೂತಿದ್ದವು. ಪೆಟ್ಟಿಗೆಯಲ್ಲಿಟ್ಟರೆ ಮೂಗು ಒಣಗದು, ತೊಲೆಗೆ ತೂಗಿಬಿಟ್ಟರೆ ಹಗ್ಗ ಹಿಡಿದು ಇಳಿದು ಬರುವ ಜಾತಿ ಅವು. ಬೀಗರಿಗೆ ಹೋಳಿಗೆ ಬೇಯಿಸುವುದೋ, ಕೋಲು ಹಿಡಿದು ಗೌರಿ ಕಾಯುವುದೋ ಎಂದು ಬಾಳವ್ವ ರೇಗಿದಳು. ಒಂದು ಬೆಕ್ಕು ತಂದರೆ ಪೀಡೆ ಹೋಗುತ್ತದೆ ಎಂದಳು.

"ಇಲಿ ಇದ್ರ ಮೂಗ ಹೋಗತೈತಿ, ಬೆಕ್ಕ ಇದ್ರ ಕಣ್ಣ ಹೋಗತೈತಿ," ಎಂದ ಪರಪ್ಪ. "ಯಾವದ ಬೇಕ ನಿನಗ?"

ಖರೆ ಮಾತು. ಗೊಂಬೆಗೆ ಕಟ್ಟಕಡೆಗೆ ಬರೆಯುವುದು ಕಣ್ಣು, ಅದಕ್ಕೆ ಉಸಿರು ಹಿಡಿದ ಕೈ ಬೇಕು. ಹೋದ ವರ್ಷ ಕಾಶೆವ್ವನ ಬೆಕ್ಕು ಸುಮ್ಮನೆ ಇಣುಕಿ ಹೋಗಿದ್ದಕ್ಕೆ ಪರಪ್ಪ ಸೀನಿ, ಲಕ್ಷ್ಮಿಗೆ ಮೀಸೆ ಬಂದಿತ್ತು. ಅವಳನ್ನು ಸಿಪಾಯಿ ಮಾಡಿ ಮಾರಬೇಕಾಯಿತು. ಸುಂದ್ರವ್ವ ಸಣ್ಣವಳಿದ್ದಾಗ ಬೆಕ್ಕಿನ ಮರಿ ಬೇಕೆಂದು ಎಷ್ಟು ಅತ್ತರೂ ಈ ಮೂಗಿನ ದೆಸೆಯಿಂದ ತಂದುಕೊಡಲಾಗಿರಲಿಲ್ಲ. ಕೊನೆಗೆ ಕಟ್ಟಿಗೆಯ ಬೆಕ್ಕು ಮಾಡಿಕೊಟ್ಟಿದ್ದ, ಅದರ ಮೂಗನ್ನೂ ಇಲಿ ತಿಂದಿದ್ದವು.

ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಕಾಶೆವ್ವ ತನ್ನ ಬಿಳಿ ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಬಂದೇಬಿಟ್ಟಳು. ಹೋದ ವರ್ಷ ಇಣುಕಿದ್ದು ಇದರ ತಾಯಿಯಂತೆ, ಕಪಟಿಯಂತೆ. ಇದು ಬಿಳಿಯದು, ಸಾಧು, ಇದರಿಂದ ಯಾರಿಗೂ ಸೀನು ಬರುವುದಿಲ್ಲವಂತೆ. ಪರಪ್ಪ ಏಳು ಸಲ ಸೀನಿದ. ಕಾಶೆವ್ವ ಸಪ್ಪೆ ಮುಖ ಮಾಡಿಕೊಂಡು ಎದ್ದು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಒಳಗೆ ಉಳಿದಿದ್ದ ಒಂದು ಸೀನು ಹೊರಗೆ ಬಂತು. ಹೊರಡುವಾಗ ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು, ಇದು ಕೂಸಿಗೂ ಗೊತ್ತು. ಕಾಶೆವ್ವ ತಿರುಗಿ ಬಂದು ಕೂತಳು, ನೀರು ಕುಡಿದಳು. ಕೂತಿದ್ದೇ ಆಯಿತಲ್ಲ ಎಂದು ಚಹಾ ಕೇಳಿದಳು.

ಸೀನಿನ ಸಪ್ಪಳಕ್ಕೆ ಎದುರು ಮನೆಯ ರಾಜಪ್ಪ ಬಂದ. ಅವನು ಮಾಮಲೇದಾರ ಕಚೇರಿಯಲ್ಲಿ ಪಟ್ಟೇವಾಲ ಜವಾನನಾಗಿದ್ದು ಪೆನ್ಶನ್ ತೆಗೆದುಕೊಂಡವನು. ಸಾಹೇಬರ ಬಂಗ್ಲೆಯ ಬೆಕ್ಕುಗಳನ್ನು ಕಣ್ಣಾರೆ ಕಂಡವನು. ಆದ್ದರಿಂದ ಬೆಕ್ಕಿನ ಜಾತಿಗಳ ಬಗ್ಗೆ ಅವನ ಮಾತೇ ಕೊನೆಯ ಮಾತು. ಬಿಳಿಯದು ಶೀತ, ಕರಿಯದು ಉಷ್ಣ, ಶೀತದ ಮೂಗಿಗೆ ಉಷ್ಣದ ಬೆಕ್ಕೇ ಬೇಕು ಎಂದು ತೀರ್ಪು ಕೊಟ್ಟು ಎಲ್ಲಿಂದಲೋ ಒಂದು ಕರಿ ಬೆಕ್ಕು ಹಿಡಿಸಿ ತಂದ. ಅದು ಪರಪ್ಪನ ಮುಂಗೈ ಪರಚಿತು, ಮೂಗು ನಾಲ್ಕು ಸಲ ಸೀನಿತು. ರಾಜಪ್ಪ ಹೊರಡಲು ರುಮಾಲು ಸುತ್ತಿಕೊಂಡ, ಐದನೆಯದು ಬಂತು. ಅವನೂ ಕೂತ.

ಹೀಗೆ ಮಧ್ಯಾಹ್ನದ ಹೊತ್ತಿಗೆ ಆ ಮನೆಗೆ ಬಂದವರು ಯಾರೂ ಹೋಗುವ ಹಾಗಿಲ್ಲದೆ, ಎಂಟು ಜನ ಮತ್ತು ಐದು ಬೆಕ್ಕು ಜಮಾ ಆಗಿದ್ದರು. ಹೋಳಿಗೆಗೆ ಬೇಯಿಸಿದ ಬೇಳೆ ತಣ್ಣಗಾಯಿತು. ಬಾಳವ್ವ ಚಹಾ ಸೋಸಿ ಸೋಸಿ ಬೇಸತ್ತಳು. ಪರಪ್ಪನ ಮೂಗು ಹಣ್ಣು ಮೆಣಸಿನಕಾಯಿ ಆಗಿತ್ತು. ಗೌರಿ ಮಾತ್ರ ಕಣ್ಣಿಲ್ಲದೆ, ಹೊಸ ಮೂಗು ಹೊತ್ತು ಎಲ್ಲರ ನಡುವೆ ಕೂತಿದ್ದಳು.

ಆದರೆ ಅಷ್ಟು ಸೀನಿದ್ದು ದಂಡವಾಗಲಿಲ್ಲ. ದಟ್ಟ ಕೂದಲಿನ ಬೆಕ್ಕಿಗೆ ಏಳು ಸೀನು, ತೆಳ್ಳಗಿನದಕ್ಕೆ ನಾಲ್ಕು, ತುರಿಕೆ ಹತ್ತಿ ಅರ್ಧ ಕೂದಲು ಉದುರಿದ್ದ ಬೀದಿ ಬೆಕ್ಕಿಗೆ ಎರಡೇ ಎರಡು. ಪರಪ್ಪನಿಗೆ ಬುದ್ಧಿ ಹೊಳೆಯಿತು.

"ಬಣ್ಣ ಅಲ್ಲ ರಾಜಪ್ಪ ಕಾಕಾ. ಎಲ್ಲಾ ಕೂದಲದ್ದ ಕಾರಭಾರ."

ತಾನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೆ ಎಂದ ರಾಜಪ್ಪ. ಆಗ ಬಾಗಿಲಲ್ಲಿ ಭಜಿ ಅಂಗಡಿಯ ಕೆಂಚಪ್ಪ ಕಾಣಿಸಿಕೊಂಡ. ಯಮಕನಮರಡಿಯಿಂದ ಬಂದು ಓಣಿಯ ಮೂಲೆಯಲ್ಲಿ ಅಂಗಡಿ ಇಟ್ಟವನು. ಗಿರಾಕಿಗಳೆಲ್ಲ ಇಲ್ಲಿ ಯಾಕೆ ಕೂತಿದ್ದಾರೆಂದು ವಿಚಾರಿಸಲು ಬಂದಿದ್ದ. ಸಂಗತಿ ಕೇಳಿ ಅವನ ಮುಖ ಅರಳಿತು. ಅವನ ಹತ್ತಿರ ಮೈಮೇಲೆ ಒಂದೂ ಕೂದಲಿಲ್ಲದ ಬೆಕ್ಕಿತ್ತು, ಹುಟ್ಟಿದ್ದೇ ಹಾಗೆ. ಗಿರಾಕಿಗಳು ಅದನ್ನು ನೋಡಿ ತಿನ್ನುವ ಭಜಿ ಅಲ್ಲೇ ಬಿಟ್ಟು ಏಳುತ್ತಾರೆ, ಒಯ್ದರೆ ಪುಣ್ಯ ಬರುತ್ತದೆ ಎಂದ.

ಬಂತು ಆ ಬೆಕ್ಕು. ಸಿಪ್ಪೆ ಸುಲಿದ ಗೆಣಸಿನ ಹಾಗೆ ಇತ್ತು. ಮೈಯೆಲ್ಲ ನೆರಿಗೆ, ಕಿವಿ ಎರಡು ದೊಡ್ಡವು, ಕಣ್ಣು ಮಾತ್ರ ಪಾಪದವು. ಇದು ಬೆಕ್ಕೋ ದೊಡ್ಡ ಇಲಿಯೋ ಎಂದು ಬಾಳವ್ವ ಹಿಂದೆ ಸರಿದಳು. ಪರಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಎಂಟು ಜನ ಉಸಿರು ಬಿಗಿಹಿಡಿದು ಅವನ ಮೂಗನ್ನೇ ನೋಡುತ್ತ ಕೂತರು. ಸೀನಿಲ್ಲ. ಅದರ ಹೊಟ್ಟೆಗೆ ಮೂಗು ಒತ್ತಿದ. ಆಗಲೂ ಇಲ್ಲ. ಕಾಶೆವ್ವ ಗುರುವಿನ ಹೆಸರು ಹೇಳಿ ಎದ್ದಳು, ಸೀನು ಬರಲಿಲ್ಲ. ರಾಜಪ್ಪ ಎದ್ದ, ಕೆಂಚಪ್ಪ ಎದ್ದ. ಬೆಕ್ಕುಗಳೂ ಅವರವರ ಕಂಕುಳು ಸೇರಿ ಹೋದವು, ಮನೆ ಖಾಲಿಯಾಯಿತು.

ಬೋಳು ಬೆಕ್ಕು ಗೌರಿಯ ಬಾಜೂಕ್ಕೆ ಕೂತು ಒಂದು ಸಲ ಕೂಗಿದ್ದೇ ತಡ, ಇಲಿಗಳು ಬಿಲ ಸೇರಿದವು. ಪರಪ್ಪ ಮೂಗಿಗೆ ಬಣ್ಣ ಹಚ್ಚಿ, ಸಣ್ಣ ಕುಂಚ ಹಿಡಿದು ಕಣ್ಣು ಬರೆದ. ಅಂಥ ಕಣ್ಣು ಅವನ ಕೈಯಿಂದ ಹಿಂದೆ ಬಂದಿರಲಿಲ್ಲ. ಗಂಡನ ಮನೆಗೆ ಹೊರಟ ದಿನ ತಿರುಗಿ ತಿರುಗಿ ನೋಡಿದ ಸುಂದ್ರವ್ವನ ಕಣ್ಣೇ ಅವು. ಬರೆದು ಮುಗಿಸಿ ಅವನು ಸ್ವಲ್ಪ ಅತ್ತ. ಆಮೇಲೆ ಬೆಕ್ಕಿನ ಬೋಳು ತಲೆ ಸವರಿ, ನೀನು ಇನ್ನು ಈ ಮನೆಯ ಮಗ ಎಂದು ಹೇಳಿದ.

ಇಳಿಹೊತ್ತಿಗೆ ಗಾಡಿ ಬಂದು ನಿಂತಿತು. ಶೆಟ್ಟೆವ್ವ ಇಳಿದಳು, ಅದೇ ಕೆಂಪು ಕಣ್ಣು, ಮೂಗಿಗೆ ಅದೇ ಸೆರಗು. ಬಾಳವ್ವನ ಜೀವ ಅಲ್ಲೇ ಕುಸಿಯಿತು. ಹಿಂದೆ ಸುಂದ್ರವ್ವ ಇಳಿದು ಬಂದಳು, ಮುಚ್ಚಳದ ಬುಟ್ಟಿಯೊಂದನ್ನು ಗಾಡಿಯಲ್ಲೇ ಬಿಟ್ಟು ಅದನ್ನೇ ನೋಡುತ್ತ.

ಶೆಟ್ಟೆವ್ವ ಒಳಗೆ ಬಂದು ಗೌರಿಯನ್ನು ಕಂಡು ಕೈಮುಗಿದಳು. ಬಾಜೂಕ್ಕೆ ಕೂತಿದ್ದ ಬೋಳು ಬೆಕ್ಕನ್ನು ನೋಡಿ ಬೆಚ್ಚಿದಳು. ಅದು ತಾನಾಗಿ ಬಂದು ಅವಳ ಮಡಿಲೇರಿತು. ಅವಳು ಕಣ್ಣು ಮುಚ್ಚಿ ಕಾದಳು. ಏನೂ ಆಗಲಿಲ್ಲ. ಮೆಲ್ಲಗೆ ಸೆರಗು ಇಳಿಸಿದಳು. ಆ ಮುಖವನ್ನು ಬಾಳವ್ವ ಅವತ್ತೇ ಮೊದಲು ಪೂರಾ ನೋಡಿದ್ದು, ಅದರಲ್ಲಿ ನಗು ಇತ್ತು.

"ಬೀಗರ, ಇದರಿಂದ ನನಗ ಸೀನ ಬರವಲ್ದರಿ," ಎಂದಳು ಶೆಟ್ಟೆವ್ವ. "ಬೆಕ್ಕ ಅಂದ್ರ ನನಗ ಆಗೂದಿಲ್ಲ. ನಿಶ್ಚೇದ ದಿನ ಇಲ್ಲೊಂದ ಬೆಕ್ಕ ಅಡ್ಯಾಡಾಕತ್ತಿತ್ತು. ಶುಭಕಾರ್ಯದಾಗ ಒಂಟಿ ಸೀನ ಬಂದ್ರ ಹುಡುಗಿಗೆ ಕೆಟ್ಟ ಹೆಸರ ಬರತೈತೆಂತ ಮೂಗಿಗೆ ಸೆರಗ ಹಿಡಕೊಂಡ ಕುಂತಿದ್ನಿ."

ಮುಂದಿನದನ್ನು ಸುಂದ್ರವ್ವ ತಲೆ ತಗ್ಗಿಸಿ ಹೇಳಿದಳು. ತವರಲ್ಲಿ ಸಿಗದ ಬೆಕ್ಕನ್ನು ಗಂಡ ತಂದುಕೊಟ್ಟಿದ್ದ. ಅದು ಹಗಲಿಡೀ ಅವಳ ಮಡಿಲಲ್ಲೇ. ಸೊಸೆಯ ಮನಸ್ಸು ನೋಯಬಾರದೆಂದು ಅತ್ತೆ ಬಾಯಿ ಬಿಡದೆ ಮುಖ ತಿರುಗಿಸುತ್ತಿದ್ದಳು. ಗುಟ್ಟು ರಟ್ಟಾದದ್ದು ಇವತ್ತು, ಗಾಡಿಯಲ್ಲಿ ಅತ್ತೆ ಸೀನತೊಡಗಿದಾಗ. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹೋಳಿಗೆ ಬಡಿಸಲು ಓಡಿದಳು.

ಊಟವಾದ ಮೇಲೆ ಶೆಟ್ಟೆವ್ವ ಕೇಳಿಯೇಬಿಟ್ಟಳು.

"ನಮ್ಮ ಮನಿ ತುಂಬ ಕಾಳಕಡಿ, ಬೆಕ್ಕ ಬೇಕ ಬೇಕರಿ. ಈ ಬೋಳನ್ನ ನಮಗ ಕೊಡ್ರಿ. ಸೊಸಿ ಬಾಜೂಕ ಕುಂತ ನಾಕ ಮಾತಾಡಬೇಕಂತ ನನಗೂ ಆಸೆ ಐತಿ."

ಪರಪ್ಪ ಬೆಕ್ಕನ್ನು ನೋಡಿದ, ಮಗಳನ್ನು ನೋಡಿದ. ಮಗಳು ಅತ್ತೆಯ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ಇನ್ನೇನು ಉಳಿಯಿತು? ಬೆಳಿಗ್ಗೆಯಿಂದ ಮೂಗು ತೇಯ್ದು ಗಳಿಸಿದ ಬೆಕ್ಕನ್ನು ಗೌರಿಯ ಜೊತೆ ಗಾಡಿಯಲ್ಲಿ ಇಟ್ಟ.

"ಬರಿಗೈಲೆ ಒಯ್ಯೂದ ನಮ್ಮ ಪದ್ಧತಿ ಅಲ್ಲ," ಎಂದು ಶೆಟ್ಟೆವ್ವ ಗಾಡಿಯಲ್ಲಿದ್ದ ಬುಟ್ಟಿಯನ್ನು ಇಳಿಸಿ ಪರಪ್ಪನ ಕೈಗಿಟ್ಟಳು. ಬೀಗರು ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಮುಚ್ಚಳ ಸರಿಸಿದರೆ, ಸುಂದ್ರವ್ವ ಬಿಟ್ಟಿರಲಾರದೆ ಜೊತೆಗೆ ತಂದಿದ್ದ, ಎಕ್ಕಿದ ಅರಳೆಯ ಹಾಗೆ ಮೈತುಂಬ ಕೂದಲಿನ ತಾಯಿ ಬೆಕ್ಕು ಮತ್ತು ನಾಲ್ಕು ಮರಿ.

"ಅಪ್ಪಾ, ಚೊಲೋತ್ನ್ಯಾಗಿ ನೋಡಕೊ. ಒಂದನ್ನೂ ಯಾರಿಗೂ ಕೊಡಬ್ಯಾಡ," ಎಂದಳು ಸುಂದ್ರವ್ವ. ಪರಪ್ಪ ಆಗಲಿ ಎಂದು ತಲೆಯಾಡಿಸಿದ.

ಗಾಡಿ ಕದಲಿತು. ಪರಪ್ಪ ಒಂದೇ ಒಂದು ಸಲ ಸೀನಿದ.

ಗಾಡಿ ನಿಂತಿತು. ಗೌರಿ ಹೊರಟಾಗ ಒಂಟಿ ಸೀನು. ಗೋಡೆಯಾಚೆ ಕಾಶೆವ್ವ ಹಣೆ ಬಡಿದುಕೊಂಡಳು. ಇನ್ನೊಂದು ಸೀನಿಬಿಡಿ ಎಂದು ಬೀಗಿತ್ತಿ ಗಾಡಿಯಿಂದಲೇ ಬೇಡಿಕೊಂಡಳು. ಬೆಳಗಿನಿಂದ ಕರೆಯದೆ ಬಂದ ಸೀನು ಈಗ ಕರೆದರೆ ಬರಲೊಲ್ಲದು. ಮಗಳ ಮುಖ ಬಾಡಿದ್ದು ಕಂಡು ಪರಪ್ಪ ಹಿಂದೆಮುಂದೆ ನೋಡದೆ ಬುಟ್ಟಿಯೊಳಗೆ ಮುಖ ಹಾಕಿ, ತಾಯಿ ಬೆಕ್ಕಿನ ಕೂದಲಲ್ಲಿ ಮೂಗು ಹುಗಿದು ಉಸಿರೆಳೆದ. ಎರಡನೆಯ ಸೀನು ಓಣಿಯೆಲ್ಲ ಕೇಳುವಂತೆ ಬಂತು. ಎಲ್ಲರೂ ನಕ್ಕರು, ಎತ್ತುಗಳು ನಡೆದವು, ಸುಂದ್ರವ್ವ ಕೈ ಬೀಸಿದಳು.

ಗಾಡಿ ಓಣಿಯ ತಿರುವಿಗೆ ಮುಟ್ಟಿತ್ತು. ಪರಪ್ಪ ಎರಡೂ ಕೈಯಿಂದ ಮೂಗು ಹಿಡಿದುಕೊಂಡು ನಿಂತಿದ್ದ, ಹಿಡಿದದ್ದು ನಿಲ್ಲಲಿಲ್ಲ. ಮೂರನೆಯದು ಬಂತು.

ಗಾಡಿ ನಿಂತಿತು.