ಮೂರು ಪದರದ ಚರಗ

ನಮ್ಮ ಸೋದರತ್ತೆಯ ಮುಂದೆ ಕಲ್ಲಿನಂತೆ ಬಾಯಿ ಮುಚ್ಚಿ ಕೂತರೆ ಬಚಾವ್ ಎಂದುಕೊಳ್ಳಬೇಡಿ. ಆಕೆ ಕಲ್ಲನ್ನೂ ಸುಮ್ಮನೆ ಬಿಟ್ಟವಳಲ್ಲ!

ಆಕೆಗೆ ಹದಿನಾರು ತುಂಬಿ, ಹತ್ತನೇ ತರಗತಿಯ ಪರೀಕ್ಷೆ ಇನ್ನೇನು ಬಂತು ಅನ್ನುವಾಗ ಅಜ್ಜ ತರಗತಿಯಿಂದಲೇ ಕರೆದೊಯ್ದು ಶಾಲೆ ಬಿಡಿಸಿ, ಮುಡಬಿಗೆ ಮದುವೆ ಮಾಡಿ ಕಳಿಸಿದ್ದ. ಎಷ್ಟೋ ವರ್ಷಗಳ ಮೇಲೆ ಮಗನ ಮದುವೆಯಾಗಿ ಮನೆಗೆ ಸೊಸೆ ಬಂದದ್ದೇ ತಡ, ಅತ್ತೆ ಒಲೆಯನ್ನು ಅವಳಿಗೊಪ್ಪಿಸಿ, “ಪಾಸಾಗೇ ಸಾಯಾಕಿ ನಾ” ಎನ್ನುತ್ತ ಬಸವಕಲ್ಯಾಣದ ನಮ್ಮ ಮನೆಗೆ ಬಂದಳು, ಖಾಸಗಿಯಾಗಿ ಪರೀಕ್ಷೆ ಕಟ್ಟಲು. ನಾನೂ ಆಗ ಹತ್ತನೇ ತರಗತಿ. ಗಣಿತ, ಇಂಗ್ಲಿಷು ಆಕೆಗೆ ಹೇಗೋ ಒಲಿದವು. ಭೂಮಿಯ ಮೂರು ಪದರಗಳ ಪಾಠ ಮಾತ್ರ ತಲೆಗೇ ಏರಿಬಿಟ್ಟಿತು!

ಹೋಳಿಗೆ ಬಡಿಸುವಾಗಲೂ ಅದೇ ಪಾಠ.

“ಮ್ಯಾಲಿಂದು ಭೂಕವಚ, ಒಳಗಿನ ಹೂರಣ ಮ್ಯಾಂಟಲ್. ತಿಳೀತಿಲ್ಲೊ?”

ಅಪ್ಪ ತಟ್ಟೆ ಮುಂದೆ ಮಾಡಿದರು. “ತಿಳೀತಕ್ಕಾ. ತುಪ್ಪ ಯಾವ ಪದರದಾಗ ಬರ್ತದ?”

“ಅದು ಲಾವಾ. ಮೂರನೇ ಪದರದ ಹೆಸರು ಹೇಳಿದವರಿಗಷ್ಟ!”

ಅಪ್ಪ ಒಣ ಹೋಳಿಗೆ ತಿಂದು ಎದ್ದರು.

ಹುಮನಾಬಾದಿನಲ್ಲಿದ್ದ ಅಜ್ಜನನ್ನು ನೋಡಲು ಆಟೋ ಹತ್ತಿದರೆ ದಾರಿಯುದ್ದಕ್ಕೂ ಅತ್ತೆಯದು “ನಿಂದರಸ್ರಿ, ನಿಂದರಸ್ರಿ!” ಏನು ಕಾರಣ? ಕಪ್ಪು ಕಲ್ಲು ಮುಗಿದು ಕೆಂಪು ಕಲ್ಲು ಶುರುವಾಯಿತಂತೆ! ಸೆರಗಿನ ತುಂಬ ಕಲ್ಲು ಕಟ್ಟಿಕೊಂಡು ಬಂದವಳಿಗೆ ಆಟೋದವನು ಕೈಮುಗಿದ. “ಅಕ್ಕೋರ, ಕಲ್ಲಿಗಿ ಒಂದು ಸೀಟ್ ಹಿಡಿದೀರಿ. ಅದರ ರೊಕ್ಕಾನೂ ಕೊಟ್ಟುಬಿಡ್ರಿ.”

ಎಳ್ಳಮಾವಾಸ್ಯೆಗೆ ಎಲ್ಲರೂ ಮುಡಬಿಯಲ್ಲಿರುವ ಅತ್ತೆಯ ಹೊಲಕ್ಕೆ ಹೋದೆವು. ಭೂಮಿತಾಯಿಗೆ ಉಣಿಸಲು ಅಡುಗೆಯ ತುತ್ತು ಚೆಲ್ಲುವ ಚರಗ ಮುಗಿಯಿತು ಎನ್ನುವಾಗ ಅತ್ತೆ ಅಡ್ಡ ನಿಂತಳು.

“ಮ್ಯಾಲಿನ ಪದರಕ್ಕಷ್ಟ ಹಾಕಿದ್ರ ಕೆಳಗಿನ ಎರಡೂ ಉಪಾಸ ಇರಬೇಕೇನು?”

“ಅಷ್ಟು ಕೆಳಗ ಮುಟ್ಟತದೇನವ್ವಾ?” ಅಜ್ಜ ಕೇಳಿದ.

“ಮುಟ್ಟೋದ್ರಾಗ ಬಿಸಿ ಬಿಸಿ ಆಗಿರ್ತದ!” ಎನ್ನುತ್ತ ಇನ್ನೆರಡು ಹಿಡಿ ಭಜ್ಜಿ, ಕಡುಬು ಚೆಲ್ಲಿಯೇಬಿಟ್ಟಳು. ನಮ್ಮ ಪಾಲಿನ ಕಡುಬು ಮ್ಯಾಂಟಲ್ ಪಾಲಾಯಿತು!

ಇಂಥ ಅತ್ತೆ ಪರೀಕ್ಷೆಯ ದಿನ ಶಾಲೆಯ ಬಾಗಿಲಲ್ಲಿ ನನ್ನ ಕೈ ಹಿಡಿದಳು.

“ಈ ಸಲ ಯಾರೂ ಕರಿಯಾಕ ಬರಂಗಿಲ್ಲಲ್ಲ?”

ನಾನು ಆ ಕೈ ಬಿಡದೆ ಆಕೆಯನ್ನು ಒಳಗೆ ಕರೆದೊಯ್ದೆ.

ಫಲಿತಾಂಶ ಬಂತು. ಇಬ್ಬರೂ ಪಾಸು! ಸುದ್ದಿ ಫೋನಿನಲ್ಲಿ ಹೇಳಿ ಹುಮನಾಬಾದಿಗೆ ಹೊರಟೆವು. ಇಳಿದು ನೋಡಿದರೆ ಅಜ್ಜ ಬಸ್‌ಸ್ಟ್ಯಾಂಡಿನಲ್ಲಿ ಪೇಡೆಯ ಡಬ್ಬಿ ಹಿಡಿದು, ಸಿಕ್ಕಸಿಕ್ಕವರಿಗೆಲ್ಲ ಹಂಚುತ್ತಿದ್ದಾನೆ! “ನನ್ನ ಮಗಳು ಹತ್ತನೇ ಪಾಸಾಗ್ಯಾಳ್ರಿ, ತಗೋರಿ!”

ಕಂಡಕ್ಟರೊಬ್ಬ ಪೇಡೆ ಬಾಯಿಗಿಟ್ಟುಕೊಂಡು ಕೇಳಿದ. “ಬಾಳ ಚಲೋ ಆತ್ರಿ. ಮಗಳಿಗಿ ಎಷ್ಟು ವಯಸ್ಸು?”

ಅಜ್ಜ ಎದುರಿಗೆ ಬಂದು ನಿಂತಿದ್ದ ಅತ್ತೆಯನ್ನು, ಆಕೆಯ ನರೆತ ಕೂದಲನ್ನು ನೋಡಿದ.

“ಹದಿನಾರು ನೋಡ್ರಿ,” ಎಂದ.

ಅತ್ತೆ ಅಷ್ಟು ಜನರ ನಡುವೆಯೇ ತನ್ನ ಅಪ್ಪನ ಹೆಗಲಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು.