ಹರಳಿಗೆ ಹೆಸರಿಡುವ ಕೆಲಸ

ನಾನು ಸಿಟ್ಟಿನ ಹೆಂಗಸು, ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಸಿಟ್ಟು ಬರುವಂಥದ್ದನ್ನು ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅದೇ ವಾರಕ್ಕೊಂದು ಸಲ ಶಿಕಾರಿಪುರದ ನನ್ನ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ಬರುತ್ತದೆ. ಆಮೇಲೆ ನಡೆದದ್ದನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ಅದಕ್ಕೂ ಸಿಟ್ಟು ಬರುತ್ತದೆ.

ಕೆಲಸ ಏನೆಂದರೆ, ಕಂಪ್ಯೂಟರ್ ಬೋರ್ಡಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಲೋಹದ ಡಬ್ಬಿಯೊಂದು ಇರುತ್ತದೆ, ಅದರೊಳಗೆ ಒಂದು ಹರಳು. ಕರೆಂಟು ಕೊಟ್ಟರೆ ಹರಳು ಸೆಕೆಂಡಿಗೆ ಕೋಟಿಗಟ್ಟಲೆ ಸಲ ನಡುಗುತ್ತದೆ. ಆ ನಡುಕವನ್ನು ಎಣಿಸಿಯೇ ಬೋರ್ಡಿಗೆ ಹೊತ್ತು ಗೊತ್ತಾಗುವುದು. ಆಸಿಲೇಟರ್ ಅನ್ನುತ್ತಾರೆ, ಕ್ಲಾಕ್ ಅಂತಲೂ ಅನ್ನುತ್ತಾರೆ. ಆಪರೇಟಿಂಗ್ ಸಿಸ್ಟಮ್ಮಿನ ಬುಡದಲ್ಲಿರುವ ಕರ್ನಲ್ಲಿಗೆ ಇದು ಕಾಣುವುದಿಲ್ಲ. ಹರಳಿನ ಹೆಸರೇನು, ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂದು ಯಾರಾದರೂ ಒಂದು ಫೈಲಿನಲ್ಲಿ, ಒಂದು ಸಾಲಿನ ವಿವರಣೆಯ ಜೊತೆ, ಬರೆದುಕೊಡಬೇಕು. ಬರೆಯುವವಳು ನಾನು. ಆನವಟ್ಟಿಯಲ್ಲಿ ಒಬ್ಬರು, ಹೊತ್ತಿಗೆ ಸರಿಯಾಗಿ ಪಂಪ್‌ಸೆಟ್ ತಾನೇ ಚಾಲೂ ಮಾಡುವ ಪೆಟ್ಟಿಗೆ ತಯಾರಿಸುತ್ತಾರೆ. ಬೋರ್ಡು ಅವರದು, ಕರ್ನಲ್ ಕೆಲಸ ನನ್ನದು.

ಮೇಷ್ಟ್ರ ಗಡಿಯಾರ

ಮನೆ ಓನರಮ್ಮ ಒಂದು ದಿನ, ನೀವು ಮನೆಯಲ್ಲೇ ಕೂತು ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ಸುಲಭವಾಗಲಿ ಅಂತ ಕ್ಲಾಕಿನ ಕೆಲಸ ಅಂದೆ. ಅದೇ ತಪ್ಪಾಯಿತು. ಆ ವಾರದಲ್ಲಿ ಮೂರು ಗೋಡೆ ಗಡಿಯಾರ, ಒಂದು ಅಲಾರಂ ನನ್ನ ಮೇಜಿನ ಮೇಲೆ ಬಂದು ಕೂತವು. ನಾಲ್ಕನ್ನೂ ಖಡಾಖಂಡಿತವಾಗಿ ವಾಪಸ್ ಕಳಿಸಿದೆ.

ಐದನೆಯವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಕೈಯಲ್ಲಿ ಕೀಲಿ ಕೊಡುವ ಹಳೇ ವಾಚು. ಅವರಿಗೆ ಬಾಗಿಲಲ್ಲೇ ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಕೂರಿಸಿ, ಬೋರ್ಡು ತೋರಿಸಿ, ಹರಳು, ನಡುಕ, ಎಣಿಕೆ, ಕರ್ನಲ್, ಹೆಸರು, ವಿವರಣೆ ಎಲ್ಲವನ್ನೂ ಅರ್ಧ ಗಂಟೆ ವಿವರಿಸಿದೆ. ಈ ಕೆಲಸಕ್ಕೂ ವಾಚು ರಿಪೇರಿಗೂ ಯಾವ ಸಂಬಂಧವೂ ಇಲ್ಲ ಅನ್ನುವುದನ್ನು ಮೂರು ಸಲ, ಪ್ರತಿ ಸಲವೂ ಸ್ವಲ್ಪ ಜೋರಾಗಿ ಹೇಳಿದೆ. ಮೇಷ್ಟ್ರು ಒಳ್ಳೇ ವಿದ್ಯಾರ್ಥಿಯ ಹಾಗೆ ತಲೆಯಾಡಿಸುತ್ತ ಕೇಳಿದರು. ಕೊನೆಗೆ ಎದ್ದು ನಿಂತು, ವಾಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಎಲ್ಲಾ ಅರ್ಥ ಆಯ್ತಮ್ಮ. ಹಾಗಾದ್ರೆ ನಾಳೆ ಸಂಜೆ ಬಂದು ತಗೊಂಡು ಹೋಗ್ಲಾ?"

ನಾಮಕರಣ

ನಾನು ಬರೆದ ಫೈಲು ನೇರವಾಗಿ ಕರ್ನಲ್ಲಿಗೆ ಸೇರುವುದಿಲ್ಲ. ಅದನ್ನು ಮೊದಲು ಜಗತ್ತಿನ ಎಲ್ಲೆಲ್ಲೋ ಕೂತಿರುವ ಪರಿಶೀಲಕರಿಗೆ ಮೇಲ್ ಮಾಡಬೇಕು. ಅವರು ಒಪ್ಪಬೇಕು. ಅವರ ಮುಖ ನಾನು ಕಂಡಿಲ್ಲ. ಕಾಣದಿರುವುದೇ ಇಬ್ಬರಿಗೂ ಕ್ಷೇಮ.

ಪಂಪಿನ ಬೋರ್ಡಿನ ಹರಳಿಗೆ ನಾನು ಮೊದಲು ಇಟ್ಟ ಹೆಸರು ಕ್ರಿಸ್ಟಲ್. ವಸ್ತು ಯಾವುದರಿಂದ ಆಗಿದೆ ಅನ್ನುವುದು ಬೇಡ, ಅದು ಯಾವ ಜಾತಿಯ ವಸ್ತು ಅನ್ನುವುದು ಬೇಕು ಅಂತ ಉತ್ತರ ಬಂತು. ಸರಿ, ಕ್ಲಾಕ್ ಅಂತ ಬದಲಿಸಿದೆ. ಇನ್ನೊಬ್ಬರು, ಬೋರ್ಡಿನಲ್ಲಿ ಎರಡು ಹರಳಿವೆ, ಇದು ಯಾವುದು ಅಂತ ಕೇಳಿದರು. ಕ್ಲಾಕ್ ಒಂದು ಅಂದೆ. ಒಂದು ಅಂದರೆ ಏನೂ ತಿಳಿಯುವುದಿಲ್ಲ, ಎಷ್ಟು ಸಲ ನಡುಗುತ್ತದೋ ಆ ಸಂಖ್ಯೆಯನ್ನೇ ಹೆಸರಿಗೆ ಸೇರಿಸಿ ಅಂದರು. ಇಪ್ಪತ್ನಾಲ್ಕು ಬರೆದು ಮುಂದೆ ಆರು ಸೊನ್ನೆ ಇಟ್ಟು ಕಳಿಸಿದೆ. ಈಗ ಹೆಸರು ಸರಿ, ಆದರೆ ನಡುವೆ ಅಡಿಗೆರೆ ಹಾಕಿದ್ದೀರಿ, ಅಡ್ಡಗೆರೆ ಇರಬೇಕು. ಹಾಕಿದೆ. ವಿವರಣೆಯ ಸಾಲಿನ ಕೊನೆಗೆ ಚುಕ್ಕಿ ಇಲ್ಲ. ಇಟ್ಟೆ. ಎರಡು ತಿಂಗಳಾಗಿತ್ತು. ಆಗ ಮೊದಲನೆಯವರು ಮತ್ತೆ ಬರೆದರು: ಎಲ್ಲ ಚೆನ್ನಾಗಿದೆ, ಆದರೆ ಇದಕ್ಕೆ ಸುಮ್ಮನೆ ಕ್ರಿಸ್ಟಲ್ ಅಂತ ಯಾಕೆ ಇಡಬಾರದು?

ಬಂದ ಸಿಟ್ಟಿನಲ್ಲೇ ಮಹಡಿಯ ಮೇಲೆ ನಿಂತು ಆನವಟ್ಟಿಯ ಬೋರ್ಡಿನವರಿಗೆ ಫೋನು ಮಾಡಿ, ಎರಡು ತಿಂಗಳಿಂದ ಒಂದು ಹೆಸರು ಒಪ್ಪಲಾರದ ಇವರೆಲ್ಲ ಎಂಥ ಜನ ಅಂತ ಬೀದಿಗೆಲ್ಲ ಕೇಳುವಂತೆ ಬೈದೆ. ಕೆಳಗೆ ಅಕ್ಕಿ ಆರಿಸುತ್ತಿದ್ದ ಓನರಮ್ಮ ಮೊರ ಬದಿಗಿಟ್ಟು ಮೇಲೆ ನೋಡಿದರು. ದನಿಯಲ್ಲಿ ನಿಜವಾದ ಮರುಕವಿತ್ತು.

"ಅಲ್ರೀ, ಎರಡು ತಿಂಗಳಾದ್ರೂ ಕೂಸಿಗೆ ಹೆಸರಿಟ್ಟಿಲ್ವಾ? ಆ ಮನೇಲಿ ಸೋದರತ್ತೆ ಅಂತ ಯಾರೂ ಇಲ್ವೇನ್ರೀ?"

ಒಂದೇ ತಾನೇ

ಅಂತೂ ಸಂಖ್ಯೆ ಇದ್ದ ಹೆಸರೇ ಉಳಿಯಿತು, ಫೈಲು ಸೇರಿತು. ಬೋರ್ಡಿನವರು ಮೊದಲ ಪೆಟ್ಟಿಗೆಯನ್ನು ಬಂದಳಿಕೆ ಕಡೆಯ ಒಂದು ಹೊಲದಲ್ಲಿ ಕೂರಿಸಿ ಬಂದರು. ನಾನು ನೆಮ್ಮದಿಯಾಗಿದ್ದೆ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಅವರ ಫೋನು ಬಂತು. ಏನೋ ಸಣ್ಣ ವಿಷಯ ಮೇಡಂ ಅಂತ ಶುರು ಮಾಡಿದರು. ಆ ಹೊಲದ ಒಡತಿ, ಹೊಲದಮ್ಮ, ಪೆಟ್ಟಿಗೆ ಸರಿಯಿಲ್ಲ ಅಂತ ಊರೊಳಗಿಂದ ಆಗಾಗ ಫೋನ್ ಮಾಡುತ್ತಿದ್ದಾರಂತೆ. ಹೊಸದಲ್ವಾ, ಹೊಂದಿಕೊಳ್ಳುತ್ತೆ ಅಂತ ಇವರು ಸಮಾಧಾನ ಹೇಳುತ್ತಿದ್ದಾರಂತೆ. ಏನು ಸರಿಯಿಲ್ಲ ಅಂದರೆ, ದಿನವೂ ಹಿಂದಿನ ದಿನಕ್ಕಿಂತ ಒಂದು ತಾಸು ಮೊದಲೇ ಪಂಪು ಚಾಲೂ ಆಗುತ್ತಿದೆ.

ನನಗೆ ಅನುಮಾನ ಬಂತು. ಕೈಯಲ್ಲೊಂದು ಬೋರ್ಡು ಹಿಡಿದು, ಹರಳಿನ ಡಬ್ಬಿಯ ಮೇಲೆ ಬರೆದ ಸಂಖ್ಯೆ ಓದಿ ಅಂದೆ. ಕನ್ನಡಕ ಹುಡುಕಿ ಓದಿದರು. ಇಪ್ಪತ್ತೈದು.

"ಇಪ್ಪತ್ನಾಲ್ಕರದ್ದು ಸ್ಟಾಕ್ ಇರ್ಲಿಲ್ಲ ಮೇಡಂ. ಒಂದೇ ತಾನೇ ಹೆಚ್ಚು?"

ಇಪ್ಪತ್ನಾಲ್ಕಕ್ಕೆ ಒಂದು ಹೆಚ್ಚಾದರೆ ಬೋರ್ಡು ಇಪ್ಪತ್ನಾಲ್ಕು ತಾಸನ್ನು ಇಪ್ಪತ್ತೈದು ಅಂತ ಎಣಿಸುತ್ತದೆ, ದಿನಕ್ಕೊಂದು ತಾಸು ಮುಂದೆ ಓಡುತ್ತದೆ ಅಂತ ಹಲ್ಲು ಕಚ್ಚಿ ಹೇಳಿದೆ. ಆ ಹೊಲದಲ್ಲಿ ನೆಟ್‌ವರ್ಕ್ ಸಿಕ್ಕಿದ್ದರೆ ಹೊತ್ತು ತಾನೇ ತಿದ್ದಿಕೊಳ್ಳುತ್ತಿತ್ತು, ಸಿಗುವುದಿಲ್ಲ. ಅವರು ತಣ್ಣಗೆ, ಹಾಗಾದರೆ ಫೈಲಿನಲ್ಲಿ ಇಪ್ಪತ್ತೈದು ಮಾಡಿಬಿಡಿ, ಸುಲಭವಲ್ಲವೇ ಅಂದರು.

ಸುಲಭವೇ. ಆದರೆ ಇಪ್ಪತ್ನಾಲ್ಕು ಅನ್ನುವುದು ಹರಳಿನ ಹೆಸರಿನಲ್ಲೇ ಇತ್ತು. ಪರಿಶೀಲಕರಿಗೆ ಮತ್ತೆ ಬರೆಯಬೇಕಿತ್ತು.

ಹೊಲದಮ್ಮನ ಲೆಕ್ಕ

ಪರಿಶೀಲಕರು ಆಮೇಲೆ, ಹೊಲ ಮೊದಲು ಅಂತ ಅವತ್ತೇ ಲ್ಯಾಪ್‌ಟಾಪ್ ಹಿಡಿದು ಬೋರ್ಡಿನವರ ಬೈಕಿನಲ್ಲಿ ಬಂದಳಿಕೆ ಕಡೆ ಹೋದೆ. ದಾರಿಯುದ್ದಕ್ಕೂ ಬೈದೆ. ಅವರು ಹೆಲ್ಮೆಟ್ ಹಾಕಿಕೊಂಡಿದ್ದರಿಂದ ಎಷ್ಟು ಕೇಳಿಸಿತೋ ಗೊತ್ತಿಲ್ಲ.

ಹೊಲದಮ್ಮನಿಗೆ ಅರವತ್ತರ ಮೇಲಾಗಿತ್ತು. ಮೂವತ್ತು ಕುರಿ ಸಾಕಿದ್ದರು. ಪಂಪು ಬೆಳಿಗ್ಗೆ ಹನ್ನೊಂದಕ್ಕೆ ಚಾಲೂ ಆಗಬೇಕು ಅಂತ ಇಟ್ಟಿತ್ತು. ಮೂರನೇ ದಿನ ಎಂಟಕ್ಕೇ ಆಯಿತು. ಆ ಹೊತ್ತಿಗೆ ಕುರಿಗಳೆಲ್ಲ ಪೈಪಿನ ಬಾಯಿ ಹತ್ತಿರ ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದವು. ಮುಖಕ್ಕೇ ನೀರು ನುಗ್ಗಿ, ಬೆದರಿ, ಮೂವತ್ತೂ ಪಕ್ಕದವರ ಮೆಕ್ಕೆಜೋಳಕ್ಕೆ ನುಗ್ಗಿದವು. ಬೇಕಂತಲೇ ಬಿಟ್ಟಿರಿ ಅಂತ ಪಕ್ಕದವರು, ಪೆಟ್ಟಿಗೆ ಮಾಡಿದ್ದು ಅಂತ ಇವರು. ನಂಬುವವರು ಯಾರು? ಅಲ್ಲಿಯವರೆಗೆ ಒಂದೇ ಮನೆಯಂತಿದ್ದ ಎರಡು ಮನೆಗಳು ಅವತ್ತಿನಿಂದ ಮಾತು ಬಿಟ್ಟಿದ್ದವು. ಆಮೇಲಾಮೇಲೆ ಪೆಟ್ಟಿಗೆ ಕರೆಂಟೇ ಇಲ್ಲದ ಹೊತ್ತಿಗೆ ಎದ್ದು ಕೂರತೊಡಗಿ, ಅವರು ತಾವೇ ಹೋಗಿ ಸ್ವಿಚ್ ಹಾಕಬೇಕಾಯಿತು.

ಇದನ್ನೆಲ್ಲ ಅವರು ದನಿ ಏರಿಸದೆ ಹೇಳಿದರು. ಬೋರ್ಡಿನವರನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ, ತಪ್ಪು ಪೆಟ್ಟಿಗೆಯದ್ದು, ಪೆಟ್ಟಿಗೆ ನನ್ನದು ಅಂತ ಅವರ ಬಾಯಿಂದಲೇ ಹೇಳಿಸಿದೆ. ಆ ಮನೆಯ ಯಜಮಾನರು ನಮ್ಮ ಜೊತೆಯಲ್ಲೇ ಹೊಲದಮ್ಮನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಹೊಲದಮ್ಮ ಅವರಿಗೇ ಮೊದಲು ಚಹಾ ಕೊಟ್ಟರು. ಅಲ್ಲಿಗೆ ಅದು ಮುಗಿಯಿತು.

ನಾನು ಸಂಖ್ಯೆ ಬದಲಿಸಿ, ಪೆಟ್ಟಿಗೆಗೆ ಹೊಸ ಫೈಲು ತುಂಬಿಸಿ, ಹೊತ್ತು ಸರಿಮಾಡಿದೆ. ಇಷ್ಟು ದೂರ ಬಂದು ರಿಪೇರಿ ಮಾಡಿಕೊಟ್ಟಿದ್ದಕ್ಕೆ ಒಂದು ಒಳ್ಳೇ ಮಾತು ಬರಬಹುದು ಅಂತ ಕಾದೆ. ಹೊಲದಮ್ಮನಿಗೆ ನನ್ನ ಬಗ್ಗೆ ಕನಿಕರ ಬಂದಂತೆ ಕಂಡಿತು.

"ಯಾಕ್ ಅವಸರ ಮಾಡಿದ್ರಿ ತಂಗಿ? ದಿನಕ್ಕೊಂದು ತಾಸು ಮುಂದೆ ಹೋಗ್ತಿತ್ತು. ಇನ್ನೈದು ದಿನ ತಡೆದಿದ್ರೆ ಸುತ್ತಿ ಬಂದು ತಾನೇ ಸರಿ ಹೋಗ್ತಿತ್ತಲ್ಲ."

ನಾನು ಬೆರಳು ಮಡಿಚಿ ಎಣಿಸಿದೆ. ಹತ್ತೊಂಬತ್ತು, ಐದು, ಇಪ್ಪತ್ನಾಲ್ಕು. ಸರಿಯಾಗಿಯೇ ಇತ್ತು. ಲ್ಯಾಪ್‌ಟಾಪ್ ಮುಚ್ಚಿ ಬೈಕು ಹತ್ತಿದೆ.

ಸ್ವಲ್ಪ ದೂರ ಬಂದ ಮೇಲೆ ಬೋರ್ಡಿನವರು ಹೆಲ್ಮೆಟ್ಟಿನ ಗಾಜು ಎತ್ತಿ ತಿರುಗಿದರು. "ಮೇಡಂ, ಆಯಮ್ಮ ಹೇಳಿದ್ದು ಲೆಕ್ಕಕ್ಕೆ ಸರಿ. ಇನ್ನೂ ಐವತ್ತು ಬೋರ್ಡಿಗೆ ಅದೇ ಹರಳು ಹಾಕಿಟ್ಟಿದ್ದೀನಿ. ಹೆಸರು ಬದಲಿಸೋ ತಾಪತ್ರಯ ಯಾಕೆ? ತಿಂಗಳಿಗೊಂದು ಸಲ ಹೊತ್ತು ಸರಿಯಾಗಿ ತೋರಿಸುತ್ತೆ ಅಂತ ವಿವರಣೆಯಲ್ಲೇ ಬರೆದುಬಿಡಿ."

ಬೈಕು ನಿಲ್ಲಿಸಿ ಅಂದೆ. ಇಳಿದು, ಟಾರು ರಸ್ತೆಯವರೆಗೆ ನಡೆದು, ಬಸ್ಸು ಹಿಡಿದು ಮನೆಗೆ ಬಂದೆ.